ಕೂರ್ಮಗಡದ ಉಳಿದರ್ಧ ದಾರಿ

"ನಾಳೆ ಭರ್ತಿ ಹತ್ತೂವರೆ ಸುಮಾರಿಗೆ. ಎಂಟಕ್ಕೆಲ್ಲ ಕೋಡಿಬಾಗಕ್ಕೆ ಬಂದುಬಿಡಿ ತಂಗಿ, ಬಿಸಿಲು ಏರುವ ಮುಂಚೆ ದಾಟುವ" ಅಂತ, ನಮ್ಮನ್ನು ಕೂರ್ಮಗಡ ದ್ವೀಪಕ್ಕೆ ಕರೆದುಕೊಂಡು ಹೋಗಬೇಕಿದ್ದ ದೋಣಿಯ ತಾಂಡೇಲಣ್ಣ ಹಿಂದಿನ ರಾತ್ರಿಯೇ ಫೋನ್ ಮಾಡಿ ಹೇಳಿದ್ದರು. ಕಾರವಾರದ ಕಡೆ ಉಬ್ಬರಕ್ಕೆ ಭರ್ತಿ ಅಂತಾರೆ, ಇಳಿತಕ್ಕೆ ಸುಕ್ತಿ. ನಾನು ಶಿರಸಿಯವಳು. ನಮ್ಮೂರ ಬೆಟ್ಟ ಹತ್ತಬೇಕು ಅಂದರೆ ಮೋಡ ನೋಡಿದರೆ ಸಾಕು, ಮಳೆಗಾಲದಲ್ಲಿ ಉಂಬಳ ಹತ್ತದ ಹಾಗೆ ಕಾಲಿಗೆ ಏನಾದರೂ ಹಚ್ಚಿಕೊಂಡರೆ ಮುಗಿಯಿತು. ದ್ವೀಪದ ದಾರಿಗೆ ಹೋಗೋರು ಮಾತ್ರ ತಿಥಿ ನೋಡಿ ಹೊರಡಬೇಕು ಅನ್ನೋದು ಕಾರವಾರಕ್ಕೆ ಬಂದು ನೆಲೆಸಿದ ಮೇಲೆ ಗೊತ್ತಾದ ಸಂಗತಿ.

ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಇವತ್ತಿನ ಹೊತ್ತಿಗಿಂತ ನಾಳೆಯದು ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಬಂದರೆ ಏರೋದೂ ಜಾಸ್ತಿ, ಇಳಿಯೋದೂ ಜಾಸ್ತಿ. ನಮ್ಮ ಕರಾವಳಿಯಲ್ಲಿ ಆ ದಿನಗಳಲ್ಲಿ ಭರ್ತಿ ಮಧ್ಯಾಹ್ನಕ್ಕಿಂತ ಸ್ವಲ್ಪ ಮೊದಲು ಬರುತ್ತದೆ, ಸುಕ್ತಿ ಸಂಜೆ ನಾಲ್ಕೂವರೆ ಐದರ ಹೊತ್ತಿಗೆ. ಹಾಗಾಗಿ ನನ್ನ ಲೆಕ್ಕ ಸರಳವಾಗಿತ್ತು. ಅಮಾವಾಸ್ಯೆ ದಿನ ಬೆಳಿಗ್ಗೆ ನೀರು ತುಂಬುತ್ತಿರುವಾಗ ದಾಟೋದು, ಮೇಲಿನ ದಾರಿ ನಡೆಯೋದು, ಊಟ ಮಾಡೋದು, ಆಮೇಲೆ ನೀರು ಇಳಿದ ಹಾಗೆ ಬಂಡೆಗಳ ಮೇಲೆ ಅಡ್ಡಾಡೋದು. ದ್ವೀಪದಲ್ಲಿ ಮೇಲೊಂದು ದಾರಿ ಇದ್ದರೆ ಕೆಳಗೊಂದು ದಾರಿ ಇದೆ, ಆ ಕೆಳಗಿನದು ದಿನದಲ್ಲಿ ಕೆಲವೇ ಗಂಟೆ ತೆರೆದಿರುತ್ತದೆ. ಬಹಳ ಜನ ಅದನ್ನು ನೋಡದೇ ವಾಪಸ್ ಬರುತ್ತಾರೆ. ಅದಕ್ಕೇ ಇದನ್ನು ಮೊದಲು ಬರೆದೆ.

ಅದು ಡಿಸೆಂಬರ್. ಜೊತೆಗೆ ಐದನೇ ಕ್ಲಾಸಿನ ಮಗಳು. ಡಬ್ಬಿಯಲ್ಲಿ ಮೊಸರವಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ, ನಾಲ್ಕು ಬಾಟಲಿ ನೀರು. ಇಬ್ಬರಿಗೂ ಲೈಫ್ ಜಾಕೆಟ್ ಕಟ್ಟಿದ ಮೇಲೆಯೇ ತಾಂಡೇಲಣ್ಣ ಇಂಜಿನ್ ಶುರು ಮಾಡಿದ್ದು. ಕಾಳಿ ನದಿ ಜೋಯಿಡಾದ ಕಾಡಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು ಇಲ್ಲಿ ಕಡಲು ಸೇರುತ್ತದೆ. ಹಿಂದೆ ಸೇತುವೆ. 2024ರ ಆಗಸ್ಟಿನಲ್ಲಿ ಕುಸಿದದ್ದು ಅದರ ಪಕ್ಕದ ಹಳೆಯದು. ಬಲಕ್ಕೆ ಸದಾಶಿವಗಡದ ಗುಡ್ಡ, ಆಮೇಲೆ ದೇವಬಾಗದ ಗಾಳಿಮರಗಳು. ಅಳಿವೆ ಹತ್ತಿರ ಬಂದ ಹಾಗೆ ದೋಣಿ ಸ್ವಲ್ಪ ಕುಣಿಯಿತು. ನದಿ ನೀರೂ ಕಡಲ ನೀರೂ ಎದುರಾಬದುರಾಗುವ ಜಾಗ ಅದು, ಕೆಳಗೆ ಮರಳಿನ ದಿಬ್ಬ ಬೇರೆ.

ಮಗಳು ಮೊದಲು ನೋಡಿದಳು. "ಆಯಿ, ಅಲ್ಲಿ ಏನೋ ಕಪ್ಪಗೆ!" ತಾಂಡೇಲಣ್ಣ ಏನೂ ಮಾತಾಡದೇ ಇಂಜಿನ್ ಬಂದ್ ಮಾಡಿದರು. ಆ ಮೌನ ನನಗೆ ಈಗಲೂ ನೆನಪಿದೆ. ದೋಣಿಗೆ ನೀರು ತಟ್ಟುವ ಸದ್ದು ಬಿಟ್ಟರೆ ಏನಿಲ್ಲ. ಆಮೇಲೆ "ಫೂ" ಅಂತ ಉಸಿರು ಬಿಟ್ಟ ಸದ್ದು, ಅದರ ಹಿಂದೆಯೇ ಬೆನ್ನು ಮೇಲೆ ಬಂತು. ಬೆನ್ನ ಮೇಲೆ ಗೂನು, ಗೂನಿನ ಮೇಲೆ ಚಿಕ್ಕ ರೆಕ್ಕೆ. ನಮ್ಮ ದಂಡೆಗೆ ಹತ್ತಿರದಲ್ಲೇ ಇರುವ ಗೂನುಬೆನ್ನಿನ ಡಾಲ್ಫಿನ್. ಇವು ಆಳ ಕಡಲಿನವಲ್ಲ, ಅಳಿವೆಗಳ ಸುತ್ತಮುತ್ತಲೇ ಬದುಕುತ್ತವೆ, ನದಿ ತರುವ ಮೀನಿನ ಸುಗ್ಗಿ ಇಲ್ಲೇ ಅಲ್ವಾ. ನಾಲ್ಕು ಬೆನ್ನು ಎಣಿಸಿದೆವು, ಒಂದು ತೀರ ಚಿಕ್ಕದು, ದೊಡ್ಡದರ ಪಕ್ಕಕ್ಕೆ ಅಂಟಿಕೊಂಡೇ ಇತ್ತು.

"ಕೆಲವರು ಇದರ ಹಿಂದೆ ದೋಣಿ ಓಡಿಸ್ತಾರೆ, ಬಂದವರಿಗೆ ಹತ್ತಿರದಿಂದ ತೋರಿಸ್ಬೇಕು ಅಂತ. ಓಡಿಸಿದ್ರೆ ಅದು ಮುಳುಗ್ತದೆ. ಸುಮ್ನೆ ನಿಂತ್ರೆ ಅದೇ ಬರ್ತದೆ" ಅಂದರು ತಾಂಡೇಲಣ್ಣ. ನಿಜವಾಗಿಯೂ ಬಂತು. ದೋಣಿಯಿಂದ ಎರಡು ಮಾರು ದೂರದಲ್ಲಿ ಒಂದು ಸಲ ಮೇಲೆ ಬಂದು ಹೋಯಿತು. ಡಾಲ್ಫಿನ್ ನಮ್ಮ ಹಾಗೇ ಗಾಳಿ ಉಸಿರಾಡುವ ಪ್ರಾಣಿ, ಮೇಲೆ ಬರಲೇಬೇಕು. ಇಂಜಿನ್ ಸದ್ದಿಗೆ ಹೆದರಿ ಉಸಿರು ತುಂಬಿಕೊಳ್ಳದೇ ಮತ್ತೆ ಮತ್ತೆ ಮುಳುಗಬೇಕಾದ ಮರಿಯ ಪಾಡು ಯೋಚಿಸಿ. ಡಾಲ್ಫಿನ್ ತೋರಿಸ್ತೀವಿ ಅಂತ ಯಾರಾದರೂ ಕರೆದರೆ "ದೂರ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ" ಅಂತ ದಯವಿಟ್ಟು ಹೇಳಿ. ದುಡ್ಡು ಕೊಡೋರು ಹೇಳಿದರೆ ಕೇಳುತ್ತಾರೆ.

ಅರ್ಧ ಗಂಟೆಯ ಮೇಲೆ ಕೂರ್ಮಗಡ ಹತ್ತಿರ ಬಂತು. ದೂರದಿಂದ ನೋಡಿದರೆ ನಿಜಕ್ಕೂ ಆಮೆಯೇ. ನಡುವೆ ಉಬ್ಬಿದ ಬೆನ್ನು, ಎರಡೂ ಕಡೆ ಇಳಿಜಾರು. ಆಚೆ ದೇವಗಡದ ದ್ವೀಪ, ಅದರ ಮೇಲೆ 1864ರಿಂದ ನಿಂತಿರುವ ದೀಪಸ್ತಂಭ. ಇನ್ನೊಂದು ಕಡೆ ಅಂಜುದೀವ್, ಅದು ಗೋವಾಕ್ಕೆ ಸೇರಿದ್ದು, ನೌಕಾಪಡೆಯ ಕೈಯಲ್ಲಿದೆ, ನಾವು ಯಾರೂ ಹೋಗುವ ಹಾಗಿಲ್ಲ. ಕೂರ್ಮಗಡದಲ್ಲೂ ಬೇಕಾದಾಗ ಹೋಗಿ ಬೇಕಾದಲ್ಲಿ ಇಳಿಯುವ ಹಾಗಿಲ್ಲ, ಮೊದಲೇ ಕೇಳಿಕೊಂಡೇ ಹೋಗಿ.

ಭರ್ತಿ ಇದ್ದದ್ದರಿಂದ ದೋಣಿ ಬಂಡೆಯ ಹತ್ತಿರವೇ ಬಂತು, ಇಳಿಯೋದು ಸುಲಭ ಆಯಿತು. ಅಲ್ಲಿಂದ ಮೇಲಕ್ಕೆ ನರಸಿಂಹ ದೇವರ ಗುಡಿ. ಪ್ರತಿ ವರ್ಷ ಜನವರಿ ಹೊತ್ತಿಗೆ, ಪುಷ್ಯ ಹುಣ್ಣಿಮೆಗೆ, ಇಲ್ಲಿ ಜಾತ್ರೆ. ಮೀನುಗಾರರ ಮನೆಮಂದಿಯೆಲ್ಲ ದೋಣಿ ತುಂಬಿಕೊಂಡು ಬರುತ್ತಾರೆ, ಬಾಳೆಗೊನೆ ಹೊತ್ತು ತರುತ್ತಾರೆ. ಮೀನುಗಾರಿಕೆ ಚೆನ್ನಾಗಾಗಲಿ, ಕಡಲಿಗೆ ಹೋದವರು ಮನೆಗೆ ಬರಲಿ ಅಂತ ಹರಕೆ. ಇದೇ ಜಾತ್ರೆಯಿಂದ ವಾಪಸ್ ಬರುವಾಗ 2019ರ ಜನವರಿ 21ರಂದು ದೋಣಿ ಮಗುಚಿ 16 ಜನ ತೀರಿಕೊಂಡರು. ಅದರಲ್ಲಿ ಮಕ್ಕಳೂ ಇದ್ದರು. ತಾಂಡೇಲಣ್ಣ ಆ ದಿನದ ಬಗ್ಗೆ ಜಾಸ್ತಿ ಮಾತಾಡೋದಿಲ್ಲ. ಲೈಫ್ ಜಾಕೆಟ್ ಇಲ್ಲದೇ ಮಾತ್ರ ಒಬ್ಬರನ್ನೂ ಹತ್ತಿಸಿಕೊಳ್ಳೋದಿಲ್ಲ, ಎಷ್ಟು ಜಗಳ ಮಾಡಿದರೂ ಇಲ್ಲ. ಗುಡಿಯ ಎದುರು ಕೈ ಮುಗಿಯುವಾಗ ನನಗೆ ಆ ಮಕ್ಕಳ ನೆನಪೇ ಬಂತು.

ಗುಡಿ ದಾಟಿ ದಾರಿ ಮರಗಳ ಒಳಗೆ ಹೋಗುತ್ತದೆ. ಮಲೆನಾಡಿನ ಕಾಡು ಕಂಡವರಿಗೆ ಇದು ಮೊದಲು ಕಾಡು ಅನ್ನಿಸೋದೇ ಇಲ್ಲ. ಮರಗಳು ಕುಳ್ಳು. ಕಡಲ ಕಡೆಯಿಂದ ಬರುವ ಗಾಳಿಗೆ ಒಂದೇ ಕಡೆ ಬಾಗಿ, ತಲೆ ಕತ್ತರಿಸಿದ ಹಾಗೆ ಕಾಣುತ್ತವೆ. ಮಳೆಗಾಲದ ನಾಲ್ಕು ತಿಂಗಳು ಉಪ್ಪು ಗಾಳಿ ಬಡಿದೂ ಬಡಿದೂ ಎದುರಿನ ಚಿಗುರೆಲ್ಲ ಸುಟ್ಟುಹೋಗುತ್ತದೆ, ಮರೆಯಲ್ಲಿರುವ ಚಿಗುರು ಮಾತ್ರ ಬೆಳೆಯುತ್ತದೆ, ಹಾಗಾಗಿ ಈ ಆಕಾರ. ಗೇರು ಮರ ಇದೆ. ದಂಡೆ ಅಂಚಿಗೆ ಕೇದಿಗೆ ಹಿಂಡು. ದಪ್ಪ ಎಲೆಯ ಹೊನ್ನೆ ಮರದ ಕೆಳಗೆ ಗುಂಡು ಗುಂಡು ಕಾಯಿ ಬಿದ್ದಿತ್ತು. ಈ ಕಾಯಿ ನೀರಲ್ಲಿ ತೇಲುತ್ತದೆ, ತೇಲಿ ಬೇರೆ ದಂಡೆ ಸೇರಿ ಅಲ್ಲಿ ಮೊಳೆಯುತ್ತದೆ. ಇಲ್ಲಿನ ಮೊದಲ ಹೊನ್ನೆ ಮರವೂ ಹಾಗೇ ಬಂದಿರಬಹುದು ಅಂದೆ. ಮಗಳು ಎರಡು ಕಾಯಿ ಕಿಸೆಗೆ ಹಾಕಿಕೊಂಡು, ಒಂದು ನಿಮಿಷ ಯೋಚಿಸಿ, ಎರಡನ್ನೂ ವಾಪಸ್ ಅಲ್ಲೇ ಇಟ್ಟಳು. ನಾನೇನೂ ಹೇಳಿರಲಿಲ್ಲ.

ನಡೆಯೋದಕ್ಕೆ ಕಷ್ಟದ ದಾರಿ ಅಲ್ಲ. ಒಣಗಿದ ಹುಲ್ಲು ಸ್ವಲ್ಪ ಜಾರುತ್ತದೆ. ಉದ್ದ ಪ್ಯಾಂಟು, ಒಳ್ಳೆ ಹಿಡಿತದ ಬೂಟು ಸಾಕು. ಎಲ್ಲೋ ಒಂದು ಕಡೆ ಹಳೆಯ ಕೋಟೆ ಗೋಡೆಯ ಕಲ್ಲುಗಳು ಗಿಡದೊಳಗೆ ಸಿಗುತ್ತವೆ, ಅದರ ಮೇಲೆ ಓತಿಕ್ಯಾತ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿರುತ್ತದೆ. ದೊಡ್ಡ ಪ್ರಾಣಿ ನೋಡಬೇಕು ಅಂತ ಹೋದರೆ ನಿರಾಸೆಯೇ. ಇಲ್ಲಿ ತಲೆ ಎತ್ತಿ ಆಕಾಶ ನೋಡಬೇಕು, ಇಲ್ಲಾ ಬಗ್ಗಿ ಬಂಡೆ ನೋಡಬೇಕು.

ಆಕಾಶದಲ್ಲಿ ಮೊದಲು ಕಂಡದ್ದು ಗರುಡ. ಕೆಂಪು ಮೈ, ಬಿಳಿ ತಲೆ, ಎಲ್ಲರಿಗೂ ಗೊತ್ತಿರೋದೇ. ಎರಡು ಗರುಡ ಸುತ್ತು ಹಾಕುತ್ತಿದ್ದವು. ಇದ್ದಕ್ಕಿದ್ದಂತೆ ಎರಡೂ ಪಕ್ಕಕ್ಕೆ ಸರಿದವು. ಅವುಗಳ ಮೇಲಿಂದ ಇನ್ನೊಂದು ಬಂತು, ಗರುಡವೇ ಅದರ ಎದುರು ಚಿಕ್ಕದಾಗಿ ಕಂಡಿತು. ಹೊಟ್ಟೆ, ಎದೆ, ತಲೆ ಎಲ್ಲ ಹಾಲಿನ ಬಿಳಿ. ಬೆನ್ನು ಬೂದಿ ಬಣ್ಣ. ರೆಕ್ಕೆ ಎರಡನ್ನೂ ಸ್ವಲ್ಪ ಮೇಲಕ್ಕೆತ್ತಿ ಹಿಡಿದು ತೇಲುತ್ತಿತ್ತು, ಒಂದು ಸಲವೂ ಬಡಿಯಲಿಲ್ಲ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಎರಡು ಮೀಟರ್ ಬರುವ ಹಕ್ಕಿ. ಬಿಳಿ ಹೊಟ್ಟೆಯ ಕಡಲ ಹದ್ದು.

ಇದನ್ನು ದಂಡೆಯಲ್ಲೂ ನೋಡಬಹುದು. ಹೊನ್ನಾವರ, ಮುರ್ಡೇಶ್ವರದ ಕಡೆಯೂ ಇದೆ, ನೇತ್ರಾಣಿ ದ್ವೀಪದ ಮೇಲೂ ಇದೆ. ಎತ್ತರದ ಮರದಲ್ಲಿ ಕಡ್ಡಿ ಕೂಡಿಸಿ ಗೂಡು ಕಟ್ಟುತ್ತದೆ, ಹೆಚ್ಚಾಗಿ ಪ್ರತಿ ವರ್ಷ ಅದೇ ಗೂಡು. ವರ್ಷ ವರ್ಷ ಕಡ್ಡಿ ಸೇರಿಸಿ ಸೇರಿಸಿ ಗೂಡು ಒಂದು ದೊಡ್ಡ ಹೆಡಿಗೆಗಿಂತಲೂ ದೊಡ್ಡದಾಗುತ್ತದೆ. ಗಂಡು ಹೆಣ್ಣು ಜೋಡಿಯಾಗಿಯೇ ಇರುತ್ತವೆ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಇವುಗಳ ಸಂಸಾರ ಶುರು. ಸಾಮಾನ್ಯವಾಗಿ ಎರಡು ಮೊಟ್ಟೆ, ಸುಮಾರು ಆರು ವಾರ ಕಾವು, ಆಮೇಲೆ ಮರಿ ಹಾರೋದಕ್ಕೆ ಇನ್ನೂ ಎರಡೂವರೆ ತಿಂಗಳು ಬೇಕು. ಎರಡು ಮೊಟ್ಟೆ ಒಡೆದರೂ ಬಹಳ ಸಲ ದೊಡ್ಡದಾಗಿ ಹಾರೋದು ಒಂದೇ ಮರಿ. ಅಂದರೆ ಇಡೀ ವರ್ಷದ ದುಡಿಮೆ ಆ ಒಂದು ಮರಿ.

ಇದೆಲ್ಲ ನನಗೆ ಓದಿ ಗೊತ್ತಿತ್ತು. ಗೂಡು ಇಷ್ಟು ಹತ್ತಿರದಲ್ಲಿದೆ ಅನ್ನೋದು ಗೊತ್ತಿರಲಿಲ್ಲ.

ದಾರಿ ಒಂದು ತಿರುವು ತಗೊಂಡು ಕಡಲ ಕಡೆ ಇಳಿಯುವ ಜಾಗ. ಅಲ್ಲಿ ನೆಲದ ಮೇಲೆ ಬಿಳಿ ಬಿಳಿ ಚುಕ್ಕೆ, ಹಿಕ್ಕೆ. ಪಕ್ಕದಲ್ಲಿ ಮೀನಿನ ಮುಳ್ಳು. ಇನ್ನೂ ಒಂದು ಉದ್ದನೆಯ ಬೆನ್ನೆಲುಬು, ಸಣ್ಣ ಸಣ್ಣ ಮಣಿ ಪೋಣಿಸಿದ ಹಾಗೆ. ತಾಂಡೇಲಣ್ಣ ಬಗ್ಗಿ ನೋಡಿದರು. "ಕಡಲ ಹಾವು" ಅಂದರು. ಬಲೆಗೆ ಬಿದ್ದರೆ ಮೀನುಗಾರರು ದೂರ ನಿಂತು ಕೋಲಲ್ಲಿ ಎತ್ತಿ ಎಸೆಯುವ ವಿಷದ ಹಾವು, ಈ ಹದ್ದಿಗೆ ದಿನದ ಊಟ. ನಾನು ತಲೆ ಎತ್ತುವಷ್ಟರಲ್ಲಿ ಮೇಲಿಂದ ಸದ್ದು ಬಂತು. ಅದು ಹದ್ದಿನ ಕೂಗಿನ ಹಾಗಿಲ್ಲ, ಬಾತುಕೋಳಿ ಗಂಟಲು ಕಟ್ಟಿ ಕೂಗಿದ ಹಾಗೆ, "ಕಾಂಕ್ ಕಾಂಕ್" ಅಂತ. ಒಂದು ಹದ್ದು ಮರದಿಂದ ಎದ್ದು ನಮ್ಮ ತಲೆ ಮೇಲೇ ಸುತ್ತತೊಡಗಿತು. ಅದು ಎದ್ದ ಜಾಗದಲ್ಲಿ ಕಡ್ಡಿಗಳ ರಾಶಿ.

"ತಂಗಿ, ಮುಂದೆ ಹೋಗುದು ಬೇಡ" ಅಂದರು ತಾಂಡೇಲಣ್ಣ.

ನನಗೆ ಹೋಗಬೇಕು ಅಂತ ಆಸೆ ಇತ್ತು. ಮುಂದಿನ ಆ ಅರ್ಧ ದಾರಿಯೇ ಪಡುವಣ ಕಡೆಯ ಬಂಡೆಗಳ ಮೇಲೆ ಹೋಗೋದು, ಬರೀ ಕಡಲು ಕಾಣೋ ಜಾಗ ಅದು, ಅದಕ್ಕೆಂದೇ ಬಂದದ್ದು. ಮರದ ಕೆಳಗಿಂದ ಬೇಗ ಬೇಗ ದಾಟಿಬಿಟ್ಟರೆ ಒಂದು ನಿಮಿಷದ ಮಾತು ಅಂತ ಮನಸ್ಸಿಗೆ ಬಂದದ್ದು ಸುಳ್ಳಲ್ಲ. ಆದರೆ ಹದ್ದು ಗೂಡು ಬಿಟ್ಟು ಮೇಲೆ ಸುತ್ತುತ್ತಾ ಇತ್ತು. ಅದು ಸುತ್ತಿದಷ್ಟು ಹೊತ್ತೂ ಗೂಡಿನಲ್ಲಿರೋದು ಬಿಸಿಲಿಗೆ ತೆರೆದಂತೆ, ಮೊಟ್ಟೆಯೋ ಮರಿಯೋ. ಕಾಗೆಗಳು ಇದನ್ನೇ ಕಾಯುತ್ತಿರುತ್ತವೆ. ನಾವೊಬ್ಬರೇ ಅಲ್ಲವಲ್ಲ, ನಮ್ಮ ಹಿಂದೆ ಇನ್ನೊಂದು ಗುಂಪು, ಅದರ ಹಿಂದೆ ಮತ್ತೊಂದು, ಎಲ್ಲರಿಗೂ ಒಂದೊಂದು ನಿಮಿಷ. ಹಕ್ಕಿಗೆ ಅದು ಇಡೀ ದಿನ.

ತಿರುಗಿ ಬಂದೆವು. ನೂರು ಹೆಜ್ಜೆ ಹಿಂದಕ್ಕೆ ಬಂದು ಮರದ ಮರೆಯಲ್ಲಿ ನಿಂತು ಬೈನಾಕ್ಯುಲರಿನಲ್ಲಿ ನೋಡಿದರೆ ಹದ್ದು ಎರಡು ಸುತ್ತು ಹಾಕಿ ಗೂಡಿಗೆ ಇಳಿದಿತ್ತು. ಬಿಳಿ ತಲೆ ಮಾತ್ರ ಕಡ್ಡಿಗಳ ಮೇಲೆ ಕಾಣುತ್ತಿತ್ತು. ಮಗಳು ಮೆಲ್ಲಗೆ ಕೇಳಿದಳು, "ನಮ್ಮನ್ನ ನೋಡಿ ಸಿಟ್ಟು ಬಂತಾ ಅದಕ್ಕೆ?" ಹೆದರಿತು ಅಂದೆ.

ಅದು ಯಾವ ಮರ, ಯಾವ ತಿರುವು ಅಂತ ಇಲ್ಲಿ ಬರೆಯೋದಿಲ್ಲ. ಕೇಳಬೇಡಿ. ಫೋಟೋ ಕೂಡ ಹಾಕೋದಿಲ್ಲ. ಗೂಡಿನ ಜಾಗ ಒಮ್ಮೆ ಎಲ್ಲರ ಫೋನಿಗೆ ಹೋದರೆ ಮುಂದಿನ ವಾರ ಅಲ್ಲಿ ಡ್ರೋನ್ ಹಾರುತ್ತದೆ. ಇದು ಊಹೆಯಲ್ಲ. ಅದೇ ದಿನ ಮಧ್ಯಾಹ್ನ ನಾವು ಊಟ ಮಾಡುತ್ತಿದ್ದಾಗ ಬೇರೆ ದೋಣಿಯಲ್ಲಿ ಬಂದ ನಾಲ್ಕೈದು ಹುಡುಗರು ಡ್ರೋನ್ ಬಿಟ್ಟರು. ಕಡಲ ಫೋಟೋ ತೆಗೆಯೋದು ಅವರ ಉದ್ದೇಶ, ಗೂಡಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಡ್ರೋನ್ ಮೇಲೇರಿದ್ದೇ ತಡ ಎರಡೂ ಹದ್ದು ಎದ್ದವು. ನಾನು ಅವರ ಹತ್ತಿರ ಹೋಗಿ, "ತಮ್ಮಾ, ಅಲ್ಲಿ ಗೂಡಿದೆ, ಮರಿ ಮಾಡೋ ಕಾಲ, ದಯವಿಟ್ಟು ಇಳಿಸಿ" ಅಂದೆ. ಇಳಿಸಿದರು. "ಸಾರಿ ಅಕ್ಕ, ಒಂದು ಬೋರ್ಡ್ ಹಾಕಿದ್ರೆ ನಮಗೂ ತಿಳೀತಿತ್ತು" ಅಂದ ಒಬ್ಬ. ಅವನ ಮಾತು ನ್ಯಾಯವೇ. ನವೆಂಬರಿನಿಂದ ಮಾರ್ಚ್ ಮುಗಿಯುವ ತನಕ ಗೂಡಿನ ಕಡೆಯ ದಾರಿಗೆ ಒಂದು ಹಗ್ಗ ಅಡ್ಡ ಕಟ್ಟಿ, "ಇಲ್ಲಿಂದ ಮುಂದೆ ಬೇಡ" ಅಂತ ಒಂದು ಹಲಗೆ ಹಾಕಿದರೆ ಸಾಕು. ಹೊನ್ನಾವರದ ಕಾಸರಕೋಡು, ದೇವಬಾಗದ ಕಡೆಯ ಮರಳಲ್ಲಿ ಕಡಲಾಮೆ ಮೊಟ್ಟೆ ಇಟ್ಟ ಜಾಗಕ್ಕೆ ಅರಣ್ಯ ಇಲಾಖೆಯವರು ಊರ ಮೀನುಗಾರರ ಜೊತೆ ಸೇರಿ ಬೇಲಿ ಕಟ್ಟುತ್ತಾರೆ, ಮರಿ ಒಡೆದು ನೀರಿಗೆ ಹೋಗುವ ತನಕ ಕಾಯುತ್ತಾರೆ. ಆಮೆ ಮೊಟ್ಟೆಗೆ ಮಾಡುವ ಕೆಲಸ ಹದ್ದಿನ ಗೂಡಿಗೂ ಮಾಡಬಹುದು. ಕಡಲ ಹದ್ದೂ ಕಾನೂನಿನ ರಕ್ಷಣೆ ಇರುವ ಹಕ್ಕಿಯೇ.

ಮೂರು ಗಂಟೆ ಹೊತ್ತಿಗೆ ಕೆಳಗಿನ ದಾರಿ ತೆರೆಯತೊಡಗಿತು.

ಬೆಳಿಗ್ಗೆ ನಾವು ದೋಣಿಯಿಂದ ಕಾಲಿಟ್ಟ ಬಂಡೆ ಈಗ ನೀರಿನಿಂದ ಎಷ್ಟೋ ಮೇಲೆ ನಿಂತಿತ್ತು. ಕಾರವಾರದಲ್ಲಿ ಅಮಾವಾಸ್ಯೆಯ ಭರ್ತಿಗೂ ಸುಕ್ತಿಗೂ ಹೆಚ್ಚುಕಮ್ಮಿ ಒಂದಾಳು ಎತ್ತರದ ವ್ಯತ್ಯಾಸ. ಆ ಒಂದಾಳು ಎತ್ತರದ ಬಂಡೆಯಲ್ಲಿ ಯಾರು ಎಲ್ಲಿ ಇರಬೇಕು ಅನ್ನೋದು ಪಕ್ಕಾ ಇದೆ. ಎಲ್ಲಕ್ಕಿಂತ ಮೇಲೆ ಸುಣ್ಣದ ಗುಳ್ಳೆಗಳ ಹಾಗೆ ಬಾರ್ನಕಲ್. ಇವಕ್ಕೆ ಬಿಸಿಲು ತಡೆಯೋ ಶಕ್ತಿ ಜಾಸ್ತಿ, ನೀರು ಹೋದ ಕೂಡಲೇ ಬಾಗಿಲು ಮುಚ್ಚಿಕೊಂಡು ಒಳಗೆ ಒಂದಿಷ್ಟು ತೇವ ಹಿಡಿದಿಟ್ಟುಕೊಳ್ಳುತ್ತವೆ. ಅದರ ಕೆಳಗೆ ಬಂಡೆಗೇ ಬೆಸೆದುಕೊಂಡ ಕಲ್ವ ಅನ್ನೋ ಚಿಪ್ಪು, ಅಂಚು ಬ್ಲೇಡಿನಷ್ಟು ಚೂಪು, ಬರಿಗಾಲಲ್ಲಿ ಯಾವತ್ತೂ ಹೋಗಬೇಡಿ. ಇನ್ನೂ ಕೆಳಗೆ ಗೊಂಚಲು ಗೊಂಚಲು ನೀಲಿಕಲ್ಲು, ಅದೂ ಚಿಪ್ಪಿನ ಜೀವಿಯೇ. ಅದಕ್ಕೂ ಕೆಳಗೆ ಪಾಚಿ, ಅಮಾವಾಸ್ಯೆ ಹುಣ್ಣಿಮೆಗೆ ಮಾತ್ರ ಗಾಳಿ ಕಾಣೋ ಜಾಗ ಅದು.

ಬಂಡೆಯ ಗುಂಡಿಗಳಲ್ಲಿ ನೀರು ನಿಂತಿರುತ್ತದೆ. ಒಂದು ಗುಂಡಿಯ ಎದುರು ನಾವು ಮುಕ್ಕಾಲು ಗಂಟೆ ಕೂತೆವು. ಮೊದಲ ಐದು ನಿಮಿಷ ಏನೂ ಕಾಣಲಿಲ್ಲ, ಬರೀ ಕಲ್ಲು, ಬರೀ ಚಿಪ್ಪು. ನಮ್ಮ ನೆರಳು ಅಲುಗಾಡದೇ ನಿಂತ ಮೇಲೆ ಒಂದು ಚಿಪ್ಪು ನಡೆಯಿತು. ಸನ್ಯಾಸಿ ಏಡಿ. ಇದಕ್ಕೆ ಹೊಟ್ಟೆಯ ಕಡೆ ಗಟ್ಟಿ ಕವಚ ಇಲ್ಲ, ಸತ್ತ ಶಂಖದ ಹುಳದ ಚಿಪ್ಪು ಹುಡುಕಿ ಅದರೊಳಗೆ ಸೇರಿಕೊಳ್ಳುತ್ತದೆ, ಮೈ ಬೆಳೆದ ಹಾಗೆ ದೊಡ್ಡ ಚಿಪ್ಪಿಗೆ ಬದಲಾಗುತ್ತದೆ. ದಂಡೆಯಿಂದ ನಾವು ಚಂದದ ಚಿಪ್ಪು ಆರಿಸಿ ತರುತ್ತೇವಲ್ಲ, ಅವು ಯಾರದೋ ಮುಂದಿನ ಮನೆ. ಆಮೇಲೆ ಕಡಲ ಹೂ ಬಿಚ್ಚಿತು. ಹೂವಿನ ಹಾಗೆ ಕಾಣುವ ಪ್ರಾಣಿ, ಎಸಳಿನ ಹಾಗಿರೋದು ಅದರ ಕೈಗಳು. ತೀರ ಚಿಕ್ಕ ಸಿಗಡಿ ಮರಿ, ಗಾಜಿನಷ್ಟು ಪಾರದರ್ಶಕ, ಹೊಟ್ಟೆಯೊಳಗಿನ ಊಟ ಕೂಡ ಕಾಣುತ್ತಿತ್ತು. ಮಗಳು ಪಿಸುಗುಟ್ಟುತ್ತಾ ಎಣಿಸುತ್ತಿದ್ದಳು, ಹನ್ನೊಂದು ಬಗೆ ಆಯಿತು ಅವಳ ಲೆಕ್ಕದಲ್ಲಿ.

ಅಲ್ಲೇ ಸ್ವಲ್ಪ ದೂರದಲ್ಲಿ ಕಡಲ ಬೆಳ್ಳಕ್ಕಿ. ಹೆಸರು ಬೆಳ್ಳಕ್ಕಿ ಆದರೂ ಬಣ್ಣ ಬೂದಿ, ಗಂಟಲಲ್ಲಿ ಮಾತ್ರ ಬಿಳಿ. ಇದರಲ್ಲಿ ಪೂರ್ತಿ ಬಿಳಿಯವೂ ಇವೆ, ಎರಡೂ ಒಂದೇ ಜಾತಿ. ಅಲೆ ಬಂದಾಗ ಹಾರಿ, ಅಲೆ ಹೋದಾಗ ಓಡಿ ಬಂದು ಕುಕ್ಕುತ್ತಿತ್ತು. ಚಳಿಗಾಲದ ಅತಿಥಿಗಳೂ ಇದ್ದವು, ಕಂದು ತಲೆಯ ಕಡಲಕಾಗೆಗಳು. ಇವು ಮರಿ ಮಾಡೋದು ಲಡಾಖ್, ಟಿಬೆಟಿನ ಎತ್ತರದ ಕೆರೆಗಳ ಹತ್ತಿರ. ಡಿಸೆಂಬರಿನಲ್ಲಿ ಅವುಗಳ ತಲೆ ಕಂದು ಇರೋದೇ ಇಲ್ಲ, ಬಿಳಿ ಇರುತ್ತದೆ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ.

ಒಂದು ಚಪ್ಪಟೆ ಬಂಡೆ ಮೇಲೆ ಹಿಕ್ಕೆ ಸಿಕ್ಕಿತು. ಕಪ್ಪಗೆ, ಒಳಗೆ ಮೀನಿನ ಹುರುಪೆ, ಏಡಿ ಚಿಪ್ಪಿನ ಚೂರು, ಮೂಗಿಗೆ ಹಿಡಿದರೆ ಗಾಢ ಮೀನು ವಾಸನೆ. ನೀರುನಾಯಿ. ನೋಡಲು ಸಿಗಲಿಲ್ಲ, ಆದರೆ ಅದು ಬಂದು ಕೂತು ಊಟ ಮಾಡಿ ಹೋದ ಜಾಗ ಸಿಕ್ಕಿತಲ್ಲ, ನನಗೆ ಅಷ್ಟೇ ಸಂತೋಷ. ನೀರುನಾಯಿಗಳು ಕುಟುಂಬ ಸಮೇತ ಓಡಾಡುತ್ತವೆ, ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ. ಕಾಳಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಅವುಗಳನ್ನು ನೋಡಿದವರು ಇದ್ದಾರೆ. ದ್ವೀಪಕ್ಕೆ ದೋಣಿ ಸಿಗದಿದ್ದರೆ ಕಾರವಾರದಲ್ಲೇ ಕಾಂಡ್ಲಾ ಕಾಡಿನ ಒಳಗೆ ಹಲಗೆ ಹಾದಿ ಮಾಡಿದ್ದಾರೆ, ಅಲ್ಲಿ ನಡೆಯಿರಿ. ಹೊನ್ನಾವರದಲ್ಲಿ ಶರಾವತಿ ದಂಡೆಯಲ್ಲೂ ಇಂಥದ್ದು ಇದೆ. ಕೆಸರಿನಿಂದ ಮೇಲಕ್ಕೆ ಚಾಚಿದ ಉಸಿರು ಬೇರುಗಳನ್ನು ನೋಡೋದಕ್ಕೆ ಸುಕ್ತಿಯ ಹೊತ್ತಿಗೇ ಹೋಗಬೇಕು. ಮಾಜಾಳಿಯಿಂದ ಗುಡ್ಡ ದಾಟಿ ತಿಳ್ಮಾತಿಗೆ ಹೋಗುವ ದಾರಿಯೂ ಚಂದ, ಎಳ್ಳಿನ ಹಾಗೆ ಕಪ್ಪು ಮರಳು.

ಐದಕ್ಕೆ ಹೊರಟೆವು. ಸುಕ್ತಿಯಲ್ಲಿ ಅಳಿವೆಯ ಮರಳು ದಿಬ್ಬ ತಾಗುತ್ತದೆ ಅಂತ ತಾಂಡೇಲಣ್ಣ ಕೋಡಿಬಾಗ ಬಿಟ್ಟು ಬೈತಖೋಲ ಬಂದರಿನ ಕಡೆಗೆ ದೋಣಿ ತಿರುಗಿಸಿದರು. ದಾರಿಯಲ್ಲಿ ಕೇಳಿದೆ, ನಿಮ್ಮ ಸಣ್ಣ ವಯಸ್ಸಿನಲ್ಲೂ ಆ ಹದ್ದು ಅಲ್ಲೇ ಇತ್ತಾ ಅಂತ. "ಇದೇ ಹದ್ದಾ ಗೊತ್ತಿಲ್ಲ. ಹದ್ದು ಇತ್ತು. ಅದು ಎಲ್ಲಿ ನೀರಿಗೆ ಇಳಿತದೆ ನೋಡಿ ಅಪ್ಪ ಬಲೆ ಬಿಡ್ತಿದ್ದ. ಅದನ್ನ ಓಡಿಸಿದ್ರೆ ನಮಗೆ ಮೀನು ತೋರಿಸುದು ಯಾರು?" ಅಂದರು. ಈಗ ಮೀನು ಹುಡುಕೋದಕ್ಕೆ ಯಂತ್ರ ಬಂದಿದೆ. ಆದರೂ ಅವರು ದೋಣಿ ನಡೆಸುವಾಗ ಒಂದು ಕಣ್ಣು ಮೇಲೇ ಇರುತ್ತದೆ.

ಏಪ್ರಿಲಿನಲ್ಲಿ ಮತ್ತೆ ಹೋದೆವು. ಜೂನ್ ಬಂದರೆ ಕಡಲು ಏಳುತ್ತದೆ, ಯಾಂತ್ರಿಕ ಮೀನುಗಾರಿಕೆಗೂ ಜುಲೈ ಮುಗಿಯುವ ತನಕ ರಜೆ, ದ್ವೀಪದ ಕಡೆ ಯಾರೂ ಹೋಗೋದಿಲ್ಲ. ಹಾಗಾಗಿ ಇದು ಆ ವರ್ಷದ ಕೊನೆಯ ಅವಕಾಶ. ಬಿಸಿಲು ಸಿಕ್ಕಾಪಟ್ಟೆ. ಗೇರು ಹಣ್ಣು ಬಿದ್ದು ಕೊಳೆತ ವಾಸನೆ ದಾರಿ ತುಂಬ. ಕಡಲಕಾಗೆಗಳು ಹೆಚ್ಚಿನವು ಹೋಗಿಯಾಗಿತ್ತು, ಉಳಿದ ಐದಾರರ ತಲೆ ಈಗ ಪೂರ್ತಿ ಕಂದು ಬಣ್ಣಕ್ಕೆ ತಿರುಗಿತ್ತು, ಮದುವೆಗೆ ಹೊರಟು ನಿಂತ ಹಾಗೆ.

ತಿರುವಿನಿಂದ ನೂರು ಹೆಜ್ಜೆ ಹಿಂದೆಯೇ ನಿಂತು ಗೂಡು ನೋಡಿದೆವು. ಖಾಲಿ. ಅರ್ಧ ಗಂಟೆ ಕಾದೆವು, ಯಾರೂ ಬರಲಿಲ್ಲ. ನನ್ನ ಎದೆ ಸ್ವಲ್ಪ ಹೊಡೆದುಕೊಳ್ಳುತ್ತಿತ್ತು. ಮರಿ ಹಾರಿರಬಹುದು, ಏನಾದರೂ ಆಗಿಯೂ ಇರಬಹುದು. ತಾಂಡೇಲಣ್ಣ ಮುಂದೆ ಹೋಗಿ ಮರದ ಕೆಳಗೆ ಒಂದು ನಿಮಿಷ ನಿಂತು, ಕೈ ಬೀಸಿ ಬನ್ನಿ ಅಂದರು.

ಡಿಸೆಂಬರಿನಲ್ಲಿ ಬಿಟ್ಟುಹೋದ ದಾರಿ ಅಲ್ಲಿಂದ ಇಳಿದು, ಕೇದಿಗೆಯ ಹಿಂಡು ಬಳಸಿ, ಪಡುವಣ ಬಂಡೆಗಳ ಮೇಲೆ ಹೋಗಿ ನಿಲ್ಲುತ್ತದೆ. ಮುಂದೆ ಬರೀ ನೀರು. ಅಲ್ಲಿ ತುದಿಯ ಬಂಡೆ ಮೇಲೆ ಒಂದು ದೊಡ್ಡ ಹಕ್ಕಿ ಕೂತಿತ್ತು, ಮೈಯೆಲ್ಲ ಕಂದು, ಅಲ್ಲಲ್ಲಿ ಮಾಸಲು ಬಿಳಿ. ಕಡಲ ಹದ್ದಿನ ಮರಿ ಹೀಗೇ ಇರುತ್ತದೆ, ಅಪ್ಪ ಅಮ್ಮನ ಬಿಳಿ ಬಣ್ಣ ಬರೋದಕ್ಕೆ ಇನ್ನೂ ಕೆಲವು ವರ್ಷ ಬೇಕು. ನಾವು ಅಲ್ಲೇ ಕೂತುಬಿಟ್ಟೆವು. ಅದು ನಮ್ಮ ಕಡೆ ಒಂದು ಸಲ ನೋಡಿ ಮತ್ತೆ ಕಡಲ ಕಡೆ ತಿರುಗಿತು. ಸ್ವಲ್ಪ ಹೊತ್ತಿಗೆ ಎದ್ದು, ನೀರಿನ ಮೇಲೆ ತಗ್ಗಿನಲ್ಲಿ ಹಾರಿ, ಕಾಲು ಚಾಚಿತು. ಏನೂ ಸಿಗಲಿಲ್ಲ. ಮತ್ತೆ ಸುತ್ತಿ ಬಂತು, ಮತ್ತೆ ಕಾಲು ಚಾಚಿತು, ಈ ಸಲವೂ ಬರಿಗಾಲೇ. "ಕಲೀತಾ ಇದೆ" ಅಂದಳು ಮಗಳು. ಮೇಲೆ ಎಲ್ಲಿಂದಲೋ "ಕಾಂಕ್ ಕಾಂಕ್" ಕೇಳಿತು. ಮರಿ ಮೂರನೇ ಸುತ್ತಿಗೆ ಹೊರಟಿತು.